ಕಂಬಳಿಯಲ್ಲಿ ಹಿಡಿದ ಮೀನು

ತೊಯ್ದ ಉಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಜಹೀರಾಬಾದಿನ ನಮ್ಮ ಬಾಡಿಗೆ ಮನೆಯ ಮಾಳಿಗೆ ಮೇಲೆ ಪಕ್ಕದವರು ಯಾವುದೋ ಹಳೆಯ ಕಂಬಳಿ ಒಗೆದು ಹರವಿದ್ದರು. ಕುರಿಯ ಜಿಡ್ಡು, ಒಲೆಯ ಹೊಗೆ, ಕೆಸರು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಕೆಳಗಿಳಿದುಬಿಟ್ಟೆ. ಹಳೆಯ ಮನೆ ನೆನಪಾದರೆ ಹೊಟ್ಟೆ ತಂಪಾಗುತ್ತದೆ ಅನ್ನುವವರನ್ನು ಕಂಡಿದ್ದೇನೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಇಲ್ಲದಿರಬಹುದು. ನನಗೂ ಇತ್ತು. ಅದು ಹೋದದ್ದಕ್ಕೆ ನಾನೂ ಅತ್ತಿದ್ದೇನೆ, ಆದರೆ ಹಲ್ಲು ಕಡಿಯುತ್ತಲೇ ಅತ್ತಿದ್ದೇನೆ.

ನಾರಾಯಣಖೇಡದಿಂದ ಸಿರ್ಗಾಪುರಕ್ಕೆ ಹೋಗುವ ದಾರಿ ಬದಿಯ ಹಳ್ಳಿ ನಮ್ಮದು. ಮಣ್ಣಿನ ಮಾಳಿಗೆ ಮನೆ, ತಾಂಡೂರು ಫರಸಿ ಕಲ್ಲು ಹಾಸಿದ ಪಡಸಾಲೆ, ಹಿತ್ತಲಲ್ಲಿ ಕುರಿದೊಡ್ಡಿ. ಯಜಮಾನಿಕೆ ದೊಡ್ಡಪ್ಪನದು. ಅವನ ಮಗಳು ಮಾಣಿಕಿ ನನ್ನ ವಾರಿಗೆಯವಳು. ಇಬ್ಬರಿಗೂ ಒಂದೇ ತಾಟು, ಒಂದೇ ಹಾಸಿಗೆ, ಶಾಲೆಯಲ್ಲಿ ಒಂದೇ ಬೆಂಚು. ಅಪ್ಪನ ತಾಯಿಯನ್ನು ಆಯಿ ಅನ್ನುತ್ತಿದ್ದೆವು. ದೇವರ ಜಗುಲಿಯ ಕೆಳಗೆ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕರಿ ಕಂಬಳಿ ಇತ್ತು. ಅದು ಹೊದೆಯುವುದಕ್ಕಲ್ಲ. ಲಗ್ನ ಗೊತ್ತು ಮಾಡುವಾಗ, ಜಗಳ ಬಗೆಹರಿಸುವಾಗ ಅದನ್ನು ಹಾಸಿ, ಅಕ್ಕಿ ಸುರಿದು, ಎಲೆಯಡಿಕೆ ಇಟ್ಟು, ಹಿರಿಯರು ಸುತ್ತ ಕುಳಿತು ಮಾತು ಕೊಡುತ್ತಿದ್ದರು. "ಕಂಬಳಿ ಮ್ಯಾಲ ಆಡಿದ ಮಾತು, ಕಂಬಳಿ ಇರೂ ತನಕ" ಎಂದು ದೊಡ್ಡಪ್ಪ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಆ ಜಗುಲಿಗೆ ಕುರಿಯ ಮಾಂಸ ನಡೆಯುತ್ತಿತ್ತು, ಮೀನು ಮಾತ್ರ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಯಾಕೆಂದು ಕೇಳಿದರೆ ಹಿಂದಿನಿಂದ ಬಂದದ್ದು ಅನ್ನುತ್ತಿದ್ದರು. ಹಿಂದಿನಿಂದ ಬಂದದ್ದಕ್ಕೆ ಆ ಮನೆಯಲ್ಲಿ ಕಾರಣ ಬೇಕಿರಲಿಲ್ಲ.

ಹಾಗಾಗಿ ಮೀನು ಅಂದರೆ ನಮಗೆ ಮಂಜೀರಾ ನದಿಯ ದಂಡೆ. ಬೇಸಿಗೆಯಲ್ಲಿ ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಲೇಬೇಕಿತ್ತು. ಹಿನ್ನೀರು ಇಳಿದು ಬಯಲಾದ ಹಸಿ ನೆಲಕ್ಕೆ ಇಡೀ ಮನೆ ನಾಲ್ಕು ದಿನ ಗಾಡಿ ಕಟ್ಟಿಕೊಂಡು ಹೋಗುತ್ತಿತ್ತು. ಗಂಡಸರು ಸೊಂಟಮಟ್ಟ ನೀರಿನಲ್ಲಿ ನಿಂತು ಕುರಿ ತೊಳೆಯುತ್ತಿದ್ದರು. ಆಯಿ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದಳು. ಬೆಸ್ತರ ಗಂಗು, ನಮ್ಮ ಮೂರನೆಯ ಜೊತೆಗಾತಿ, ಗಾಳಕ್ಕೆ ಎರೆಹುಳ ಸಿಕ್ಕಿಸುವುದನ್ನು ನಮಗೆ ಕಲಿಸಿದವಳು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಮ್ಮನ್ನು ಗೇಲಿ ಮಾಡುತ್ತಿದ್ದಳು: "ಕುರಿ ಹಿಡಿದಂಗ ಹಿಡೀಬ್ಯಾಡ್ರೇ, ಚಾಪಾ ಅದು, ಜಾರ್ತದ!" ಹುಣಸೆಹುಳಿ, ಕೆಂಪು ಖಾರ ಹಾಕಿ ಕುದಿಸಿದ ಮೀನಿನ ಸಾರಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕಿಕೊಂಡು, ಮೂಗು ಸೊರ್ ಅನ್ನಿಸುತ್ತ ತಿನ್ನುತ್ತಿದ್ದೆವು. ಕುರಿಗಳ ಉಸಿರು, ನೀರಿನ ತಂಪು, ಗಾಡಿಯ ಕೆಳಗೆ ಹಾಸಿಗೆ. ಅದಕ್ಕಿಂತ ದೊಡ್ಡ ಸುಖ ಇಂದಿಗೂ ನನಗೆ ಗೊತ್ತಿಲ್ಲ, ಸುಳ್ಳು ಯಾಕೆ ಹೇಳಲಿ?

ನಾವು ಒಂಬತ್ತನೆಯ ತರಗತಿ ಮುಗಿಸಿದ ವರ್ಷ, ದಂಡೆಗೆ ಹೊರಡುವ ಹದಿನೈದು ದಿನ ಮೊದಲು, ಪೆದ್ದೆಮುಲ್ ಕಡೆಯಿಂದ ಮಾಣಿಕಿಯನ್ನು ಕೇಳಿಕೊಂಡು ಬಂದರು. ಹುಡುಗನಿಗೆ ಅವಳಿಗಿಂತ ದುಪ್ಪಟ್ಟು ವಯಸ್ಸು. ಕಂಬಳಿ ಹಾಸಿದರು, ಎಲೆಯಡಿಕೆ ಬದಲಾಯಿಸಿಕೊಂಡರು, ಮಾತು ಮುಗಿಯಿತು. ಮಾಣಿಕಿ ಒಳಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಹತ್ತನೆಯ ತರಗತಿಯ ಪುಸ್ತಕಗಳನ್ನು ಆಗಲೇ ಯಾರಿಂದಲೋ ಇಸಿದುಕೊಂಡು ರಟ್ಟು ಹಾಕಿಟ್ಟಿದ್ದ ಹುಡುಗಿ ಅವಳು. ಕುರಿ ಕೊಳ್ಳುವಾಗಲಾದರೂ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಇವಳ ಬಾಯಿ ಬಿಡಿಸುವ ಗೋಜಿಗೇ ಯಾರೂ ಹೋಗಲಿಲ್ಲ.

ದಂಡೆಯ ಮೇಲೆ ಎರಡನೆಯ ದಿನ ಬೆಳಿಗ್ಗೆ ಗಾಳಕ್ಕೆ ಒಂದೂ ಬೀಳಲಿಲ್ಲ. ಆಗ ಮಾಣಿಕಿ ಗಾಡಿಗೆ ಹೋಗಿ, ಹಾಸಿಗೆಗಳ ತಳದಿಂದ ಒಂದು ಕಂಬಳಿ ಎಳೆದು ತಂದಳು. ಬಿಳಿ ಬಟ್ಟೆ ಬಿಚ್ಚಿದಾಗಲೇ ನನಗೆ ಗುರುತು ಸಿಕ್ಕಿತು. ಜಗುಲಿಯ ಕಂಬಳಿ! ಅವಳು ಅದನ್ನು ಮೊಣಕಾಲುದ್ದ ನೀರಿನಲ್ಲಿ ಹರವಿ, ನಡುವೆ ರೊಟ್ಟಿಯ ಚೂರು ಉದುರಿಸಿ, ಹಿಡಿಯಿರೇ ಅಂದಳು. ಏನೂ ತಿಳಿಯದ ಗಂಗು ಖುಷಿಯಿಂದ ಎರಡು ಮೂಲೆ ಹಿಡಿದಳು. ಒಂದು ಮಾಣಿಕಿಯ ಕೈಯಲ್ಲಿತ್ತು, ಉಳಿದ ಒಂದನ್ನು ನಾನು ಹಿಡಿದೆ. ಹಿಡಿದೆ, ಅದನ್ನು ಮುಚ್ಚಿಡುವುದಿಲ್ಲ. ನೀರು ಕುಡಿದ ಉಣ್ಣೆ ಹೆಣಭಾರವಾಗಿತ್ತು. ಮೂವರೂ ಕಿರುಚುತ್ತ ಎತ್ತಿದಾಗ ನೀರು ಸೋರಿ ಸೋರಿ, ಕಪ್ಪು ಉಣ್ಣೆಯ ಮೇಲೆ ಬೆರಳುದ್ದದ ಬೆಳ್ಳನೆಯ ಮೀನುಗಳು ಪಟಪಟ ಕುಣಿದವು. ಅಷ್ಟು ಮೀನು ನಾವು ಯಾವತ್ತೂ ಹಿಡಿದಿರಲಿಲ್ಲ.

ಗಂಗು ಮೀನು ಆರಿಸುವಾಗ ಮಾಣಿಕಿ ನನ್ನ ಕಿವಿಯ ಹತ್ತಿರ ಬಂದಳು. ಮುಖವೆಲ್ಲ ನೀರು, ಕಣ್ಣು ಮಿಂಚುತ್ತಿದ್ದವು. "ಮೀನ ಮುಟ್ಟಿದ ಕಂಬಳಿ ಜಗಲಿಗಿ ನಡ್ಯಾಂಗಿಲ್ಲ. ಇನ್ನ ಅದು ಕಂಬಳಿನೇ ಅಲ್ಲ. ಅದರ ಮ್ಯಾಲಿನ ಮಾತೂ ಇಲ್ಲ, ಹೌದಿಲ್ಲ ರುಕ್ಮಿ?" ಅಂದಳು. ಅಪ್ಪನ ಮಾತನ್ನು ಅಷ್ಟು ನಂಬಿದ್ದಳು ಆ ಹುಚ್ಚಿ. ನಾನು ಹೌದೆಂದು ನಕ್ಕೆ.

ಜಾಲಿಕಂಟಿಯ ಮೇಲೆ ಒಣಹಾಕಿದ್ದ ಕಂಬಳಿಯನ್ನು ದೊಡ್ಡಪ್ಪ ಮಧ್ಯಾಹ್ನ ಕಂಡ. ಮೀನಿನ ಹುರುಪೆ ಅಂಟಿತ್ತು, ನಾತ ಹೊಡೆಯುತ್ತಿತ್ತು. ಕುರಿ ತೊಳೆಯುವುದು ಅರ್ಧಕ್ಕೇ ನಿಂತು ಗಾಡಿಗಳು ಊರಿಗೆ ತಿರುಗಿದವು. ಗಂಗುವನ್ನು ಬೈದು ಅಟ್ಟಿದರು. ಸಂಜೆ ಪಡಸಾಲೆಯಲ್ಲಿ ಮಾಣಿಕಿಯನ್ನು ನಿಲ್ಲಿಸಿ ದೊಡ್ಡಪ್ಪ ಕೇಳಿದ್ದೇ ಕೇಳಿದ್ದು: "ಯಾಕ ಒಯ್ದಿ? ಯಾಕ ಒಯ್ದಿ ಹೇಳು!" ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಫರಸಿ ನೋಡುತ್ತ ನಿಂತೆ. ಊರ ಹಿರಿಯರೆಲ್ಲ ಬಂದು ದೇವರ ಸಿಟ್ಟಿನ ಬಗ್ಗೆ, ಮನೆತನದ ಮಾನದ ಬಗ್ಗೆ ಮಾತಾಡಿದರು. ಮೈಲಿಗೆಯಾದ ಕಂಬಳಿ ಎಲ್ಲರಿಗೂ ಕಂಡಿತು. ಎದುರಿಗೇ ನಿಂತ ಹುಡುಗಿ ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಮರುದಿನ ಆಯಿ ಕಂಬಳಿಯನ್ನು ತಲೆಯ ಮೇಲಿಟ್ಟುಕೊಂಡು, ಮಾಣಿಕಿಯನ್ನು ಕರೆದುಕೊಂಡು ಬಾವಿಗೆ ಹೋದಳು. ಅಂಟುವಾಳ ಹಾಕಿ ತಿಕ್ಕಿ, ಅರಿಶಿನದ ನೀರು ಚಿಮುಕಿಸಿ ತಂದಳು. "ಮೈಲಿಗಿ ಹೋತು. ಮಾತು ಮಾತೇ" ಅಂದ ದೊಡ್ಡಪ್ಪ. ಅಷ್ಟೇ! ಒಂದು ಹಿಡಿ ಅಂಟುವಾಳದಲ್ಲಿ ಎಲ್ಲ ಸರಿಹೋಯಿತು. ಮಳೆಗಾಲಕ್ಕೆ ಮುಂಚೆ ಲಗ್ನ. ಬಾಸಿಂಗ ಕಟ್ಟಿಸಿಕೊಂಡ ಮಾಣಿಕಿಯ ತಲೆ ಭಾರಕ್ಕೆ ಬಾಗಿತ್ತು. ನನಗೆ ಹೊಸ ಪರಕಾರ-ಕುಪ್ಪಸ ಹೊಲಿಸಿದ್ದರು. ಶಾಲೆ ಸುರುವಾದಾಗ ಅವಳು ರಟ್ಟು ಹಾಕಿದ್ದ ಪುಸ್ತಕಗಳನ್ನೇ ನಾನು ಓದಿ ಪಾಸಾದೆ.

ಅಲ್ಲಿಂದ ಆ ಮನೆಯ ಮೇಲೆ ನಾನು ಕಾರಿದ ಸಿಟ್ಟಿಗೆ ಲೆಕ್ಕವಿಲ್ಲ. ದೊಡ್ಡಪ್ಪ ಸಾಯುವ ತನಕ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆಯಿಯ ಮೇಲೆ ಇನ್ನೂ ಹೆಚ್ಚು: ಆ ಕಂಬಳಿಯನ್ನು ಅವಳು ತೊಳೆಯದೆ ಬಾವಿಯ ಪಾಲು ಮಾಡಿದ್ದರೆ? ಅವಳು ಕೊಟ್ಟ ಬೆಲ್ಲದ ಚೂರನ್ನೂ ಎಷ್ಟೋ ಸಲ ಬೇಡವೆಂದಿದ್ದೇನೆ. ಅಷ್ಟರಲ್ಲಿ ಉಣ್ಣೆಯಿಲ್ಲದ ಜಾತಿಯ ಕುರಿಗಳು ಬಂದವು. ತೊಳೆಯುವ, ಕತ್ತರಿಸುವ ಕೆಲಸವೇ ನಿಂತಿತು. ಯಾರೂ ದಂಡೆಗೆ ಹೋಗಲಿಲ್ಲ. ಅಣ್ಣತಮ್ಮಂದಿರು ಬೇರೆಯಾದರು, ಪಡಸಾಲೆಯ ಫರಸಿ ಕಿತ್ತು ಹಂಚಿಕೊಂಡರು. ಉಳಿದ ಒಂದು ಕೋಣೆಯಲ್ಲಿ ಚಿಕ್ಕಪ್ಪನ ಮನೆಯವರ ಜೊತೆ ಆಯಿ ಇದ್ದಳು.

ಹೋದ ವರ್ಷ ಆಯಿ ತೀರಿಕೊಂಡಳು. ಮಣ್ಣು ಕೊಡಲು ಮಾಣಿಕಿ ಬಂದಳು. ನನ್ನ ವಾರಿಗೆಯವಳ ಕೂದಲು ಪೂರಾ ನರೆತಿತ್ತು. ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳೇ, ದನಿ ಬಿದ್ದುಹೋಯಿತು. ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಕರೆದು ಕೇಳಿದೆ: "ಯಾರ ಸಲುವಾಗಿ ಹಿಂಗ ಅಳ್ತಿ? ಈ ಮನ್ಯಾಗ ಒಬ್ಬರರೇ ನಿನ್ನ ಒಂದು ಮಾತು ಕೇಳಿದ್ರೇನು?"

"ಆಯಿ ಕೇಳಿದ್ಳು" ಅಂದಳು ಮಾಣಿಕಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಬಾವಿ ಮ್ಯಾಲ ಕೇಳಿದ್ಳು, ಈ ಲಗ್ನ ನಿನಗ ಒಲ್ಲದೇನೇ ಅಂತ. ಹೂಂ ಅಂದೆ. ಅವತ್ತೇ ಅಪ್ಪಗ ಹೇಳಿದ್ಳು. ಹೆತ್ತ ತಾಯಿ ಅನ್ಲಿಲ್ಲ, ಅಪ್ಪ ಅಕಿ ಕಪಾಳಕ್ಕ ಹೊಡ್ದ. ಅದಕ್ಕೇ ಅಕಿಗಿ ಕಡೀತನಕ ಬಲಗಿವಿ ಕೇಳ್ಸಲಿಲ್ಲ."

ಇಷ್ಟು ವರ್ಷ ಆ ಕಿವಿಗೆ ನಾನು ಚೀರಿ ಮಾತಾಡಿದ್ದೆ, ಮುದುಕಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ಕುಟುಕಿದ್ದೆ. "ನನಗ ಹೇಳಿಲ್ಲಲ್ಲೇ ನೀ" ಅಂದೆ.

"ದಂಡಿ ಮ್ಯಾಲ ಎಲ್ಲರಿಗಿಂತ ಮೊದ್ಲು ನಿನಗೇ ಹೇಳಿದ್ದೆಲ್ಲ ರುಕ್ಮಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಸಂಜೆಯ ಬಸ್ಸು ಬಂತು. ಹತ್ತುವ ಮುಂಚೆ ನನ್ನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ನಿಂತಳು. ಈಗಲಾದರೂ ಏನಾದರೂ ಹೇಳುತ್ತೇನೆಂದು ಕಾದಳೋ ಏನೋ. ಅವತ್ತು ಪಡಸಾಲೆಯಲ್ಲಿ ನಿಂತ ಹಾಗೆಯೇ ನಾನು ನೆಲ ನೋಡುತ್ತ ನಿಂತೆ.