ಹಾಲು ಬೇಡವೆಂದ ಚೀಲ

ಬಳ್ಳಾರಿಯ ನಮ್ಮ ಮನೆಯ ಬಾಗಿಲ ಪಕ್ಕ ಒಂದು ಮೊಳೆ, ಮೊಳೆಗೆ ಒಂದು ಬಟ್ಟೆಯ ಚೀಲ. ಚೀಲ ತೂಗುತ್ತಿದ್ದರೆ ಹಾಲಿನ ಮಲ್ಲಪ್ಪ ಎರಡು ಪ್ಯಾಕೆಟ್ ಹಾಕಿ ಹೋಗುತ್ತಾನೆ. ಇಲ್ಲದಿದ್ದರೆ ಸೈಕಲ್ಲಿನಿಂದ ಇಳಿಯುವುದೂ ಇಲ್ಲ. ಇಷ್ಟು ಚೆಂದದ ಒಪ್ಪಂದವನ್ನು ಸುಧಾರಿಸಲು ಹೊರಟ ಮಹಾನುಭಾವ ನಾನು. ಎರಡು ದಿನ ಕುರುಗೋಡಿಗೆ ಹೊರಟಾಗ, ಚೀಲ ತೆಗೆದಿಡುವ ಬದಲು ‘ಹಾಲು ಬೇಡ’ ಎಂದು ದುಂಡಗೆ ಬರೆದ ಚೀಟಿಯನ್ನು ಅದರೊಳಗಿಟ್ಟು ತೂಗುಹಾಕಿದೆ. ಮರಳಿ ಬಂದಾಗ ಚೀಟಿಯ ಮೇಲೆ ನಾಲ್ಕು ಪ್ಯಾಕೆಟ್ ಹುಳಿತು ಉಬ್ಬಿ ಕುಳಿತಿದ್ದವು.

“ಚೀಲ ಇತ್ರಿ, ಹಾಲು ಹಾಕೀನಿ. ಒಳಗಿಂದು ಓದಕೋತ ನಿಂತರ ಓಣಿಗೆ ಹಾಲು ಮುಟ್ಟೋದು ಯಾವಾಗ್ರಿ?” ಎಂದ ಮಲ್ಲಪ್ಪ. ನಾನು ಮನಸಾರೆ ನಕ್ಕೆ. ನಕ್ಕವರ ಸರದಿಯೂ ಬರುತ್ತದೆ, ಗೆಳೆಯರೇ.

ಕಾಲುವೆಯ ಕೆಳಗಿನ ರೈತರ ಗುಂಪೊಂದಕ್ಕೆ ನಾನು ಪುಟ್ಟದೊಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ತಾನಾಗಿ ನಡೆಸುವ ಆಜ್ಞೆಗಳ ಪಟ್ಟಿ, ಬರೆದುಕೊಟ್ಟಿದ್ದೆ. ಅದರೊಳಗೆ ಮಾಹಿತಿ ಇಡಲು ಮಾಡಿದ ‘ನೀರು’ ಎಂಬ ಹೆಸರಿನ ಡಬ್ಬಿಯಲ್ಲಿ ಏನಾದರೂ ಇದ್ದರೆ ಎಲ್ಲರ ಫೋನಿಗೂ ‘ಇಂದು ನೀರು ಬರುತ್ತದೆ’ ಎಂಬ ಸಂದೇಶ ಹೋಗಬೇಕು. ನೀರಿಲ್ಲದ ದಿನ ಡಬ್ಬಿ ಖಾಲಿ. ಖಾಲಿ ಬಿಡುವುದು ಬುದ್ಧಿವಂತರಿಗೆ ಶೋಭೆಯಲ್ಲವೆಂದು ಒಂದು ದಿನ ನಸುಕಿನಲ್ಲಿ ಅದರಲ್ಲಿ ‘ಫಾಲ್ಸ್’, ಅಂದರೆ ‘ಇಲ್ಲ’, ಎಂದು ಸ್ಪಷ್ಟವಾಗಿ ಬರೆದಿಟ್ಟೆ. ಆಜ್ಞೆ ನಡೆಸುವ ಶೆಲ್ಲಿಗೆ ಅದರ ಅರ್ಥ ಯಾಕೆ ಬೇಕು? ಡಬ್ಬಿಯಲ್ಲಿ ಏನೋ ಇದೆ, ಅಷ್ಟು ಸಾಕು. ಸಂದೇಶ ಹೋಯಿತು.

ಹೊತ್ತೇರುವಷ್ಟರಲ್ಲಿ ತೆಕ್ಕಲಕೋಟೆಯಿಂದ, ಅದೇ ಗುಂಪಿನಲ್ಲಿದ್ದ ನನ್ನ ದೊಡ್ಡವ್ವನ ಫೋನು. “ಲೇ, ಕಾಲುವ್ಯಾಗ ಕಪ್ಪಿ ಸುದ್ದಾ ಇಲ್ಲ. ಹತ್ತು ಮಂದಿ ಹೆಣ್ಮಕ್ಕಳು ಬ್ಯಾರೇರ ಗದ್ದಿ ಬಿಟ್ಟು ನನ್ನ ಮಾತಿಗೆ ನಾಟಿ ಹಚ್ಚಾಕ ಬಂದಾರ. ನಾಳಿ ನಾ ಕರದ್ರ ಯಾರು ಬರ್ತಾರ?”

ತಪ್ಪು ನನ್ನದು, ಮಾತು ಹೋದದ್ದು ಅವಳದು. ಅಂದೇ ಸ್ಕ್ರಿಪ್ಟನ್ನು ತಿದ್ದಿದೆ: ಡಬ್ಬಿಯಲ್ಲಿ ಏನಾದರೂ ಇದೆಯೇ ಎಂದಲ್ಲ, ‘ಟ್ರೂ’, ಅಂದರೆ ‘ಹೌದು’, ಎಂದೇ ಬರೆದಿದೆಯೇ ಎಂದು ಓದಿ ನೋಡು.

ವಾರದ ಮೇಲೆ ನಿಜವಾಗಿಯೂ ನೀರು ಬಿಟ್ಟರು, ಸಂದೇಶವೂ ಹೋಯಿತು. ದೊಡ್ಡವ್ವ ಅಲುಗಲಿಲ್ಲ. “ನಿನ್ನ ಫೋನಿಂದು ಬ್ಯಾಡ. ನೀನ ಬಂದು ತೂಬಿನ ಮುಂದ ನಿಂತು ಹೇಳು, ಆಮ್ಯಾಲೆ ಹೆಣ್ಮಕ್ಕಳನ್ನ ಕರೀತೀನಿ,” ಎಂದಳು.

ಹೊರಡುವಾಗ ಈ ಸಲ ಚೀಟಿ ಬರೆಯಲಿಲ್ಲ. ಚೀಲವನ್ನೇ ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದು ತೆಕ್ಕಲಕೋಟೆಯ ಮೇಲೆ ಹೋಗುವ ಸಿರುಗುಪ್ಪದ ಬಸ್ಸು ಹತ್ತಿದೆ. ತೂಬಿನ ಬಾಯಲ್ಲಿ ಕೆಂಪು ನೀರು ನುಗ್ಗುತ್ತಿತ್ತು. ಪ್ಯಾಂಟು ಮಡಚಿ ಇಳಿದೆ, ಮೊಣಕಾಲು ಮುಳುಗಿತು. “ಬಂದೈತಿ ದೊಡ್ಡವ್ವ,” ಎಂದೆ. ಅವಳು ಓಣಿಗೆ ಹೋಗಿ ತಾನೇ ಬಾಗಿಲು ಬಾಗಿಲಿಗೆ ನಿಂತು ಕರೆದಳು. ಹತ್ತು ಮಂದಿಯಲ್ಲಿ ಎಂಟು ಮಂದಿ ಬಂದರು.

ಸಂಜೆ ಬಸ್ಸಿಗೆ ಹೊರಟಾಗ ದೊಡ್ಡವ್ವ ನನ್ನ ಕೈಯಿಂದ ಚೀಲ ಕಸಿದುಕೊಂಡಳು. ಅದರ ತಳದಲ್ಲಿ ಹಳೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ಓದುವ ಗೋಜಿಗೆ ಹೋಗದೆ ಹೀರೇಕಾಯಿ, ಬದನೆಕಾಯಿ ಒತ್ತೊತ್ತಿ ತುಂಬಿ, ಮತ್ತೆ ನನ್ನ ಕೈಗೆ ಕೊಟ್ಟಳು.