ತೊಲೆಗೆ ಕಿವಿಗೊಟ್ಟವಳು

ಪ್ರಮೀಳಾಗೆ ‘ಗೆದ್ಲಮ್ಮ’ ಅಂತ ಹೆಸರಿಟ್ಟವನು ನಾನೇ. ಯಾರು ಇಟ್ಟದ್ದು ಅಂತ ಈಗ ಊರಲ್ಲಿ ಕೇಳಿದರೆ ಒಬ್ಬರಿಗೂ ನೆನಪಿಲ್ಲ, ಹೆಸರು ಮಾತ್ರ ಉಳಿದಿದೆ. ಮೂವತ್ತೊಂದು ವರ್ಷ ಹಾಲಿನ ಡೇರಿಯ ಸೆಕ್ರೆಟರಿಯಾಗಿದ್ದವನು ನಾನು. ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು, ಹಿಡಿದವರಿಗೆ ಅಡ್ಡಹೆಸರು ಕಟ್ಟುವುದು, ಎರಡೂ ಚಟವಾಗಿತ್ತು. ಈ ಒಂದು ಹೆಸರಿಗೆ ಮಾತ್ರ ಇವತ್ತು ನಾಚಿಕೆಯಾಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಪ್ರಮೀಳಾ ಮಿರ್ಲೆಯ ಹುಡುಗಿ. ಹತ್ತೊಂಬತ್ತು ವರ್ಷದ ಹಿಂದೆ ನಮ್ಮೂರ ನಟರಾಜುವನ್ನು ಮದುವೆಯಾಗಿ, ಕಂಪಲಾಪುರದಿಂದ ಎರಡು ಮೈಲಿ ಒಳಗಿರುವ ಈ ತಂಬಾಕಿನ ಸೀಮೆಗೆ ಬಂದಳು. ಮಿರ್ಲೆ ಕಡೆ ನಾಲೆ ನೀರು, ಭತ್ತ, ಕೆಸರು. ನಮ್ಮ ಕಡೆ ಕೆಂಪು ಮಣ್ಣು, ಹೊಗೆಸೊಪ್ಪು, ಸೊಪ್ಪು ಒಣಗಿಸುವ ಬ್ಯಾರನ್ನಿನ ಬಿಸಿ. ಮೊದಲ ವರ್ಷ ಸೊಪ್ಪಿನ ಘಾಟಿಗೆ ವಾಂತಿ ಮಾಡಿಕೊಂಡು ಮಲಗಿದವಳು, ಮೂರನೆಯ ವರ್ಷಕ್ಕೆ ಸೊಪ್ಪು ವಿಂಗಡಿಸುವುದರಲ್ಲಿ ಊರಿನ ಹೆಂಗಸರನ್ನೆಲ್ಲ ಮೀರಿಸಿದಳು. ಒಣಗಿದ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಇದು ಒಳ್ಳೆಯದು, ಇದು ನಡುವಿನದು, ಇದರಲ್ಲಿ ಇನ್ನೂ ತೇವ ಇದೆ ಅನ್ನುತ್ತಿದ್ದಳು. ಹರಾಜಿನಲ್ಲಿ ಅವಳ ಅಂದಾಜು ತಪ್ಪಿದ್ದನ್ನು ನಾನು ಕಾಣೆ.

ಬೆರಳಿಗಿಂತ ಚುರುಕಾದದ್ದು ಅವಳ ಕಿವಿ. ಅದಕ್ಕೂ ಒಂದು ಕಾರಣವಿತ್ತು. ಮಿರ್ಲೆಯ ಅವಳ ತೌರಿನಲ್ಲಿ ಗೋಡೆಯೊಳಗೊಂದು ಮರದ ಬೀರು ಇತ್ತಂತೆ. ಅವಳಿಗೆ ಆರು ವರ್ಷವಾಗಿದ್ದಾಗಲೇ ತೀರಿಕೊಂಡ ತಾಯಿಯ ಒಂದೇ ಒಂದು ಫೋಟೋವನ್ನು ಅದರಲ್ಲಿಟ್ಟಿದ್ದರು. ಹದಿನೈದನೆಯ ವಯಸ್ಸಿನಲ್ಲಿ ಒಂದು ದಿನ ಅದನ್ನು ತೆಗೆದರೆ ಕೈಗೆ ಬಂದದ್ದು ಗಾಜು, ಗಾಜಿನ ಹಿಂದೆ ಮಣ್ಣು. ಗೆದ್ದಲು ತಾಯಿಯ ಮುಖವನ್ನು ತಿಂದುಬಿಟ್ಟಿತ್ತು. ಆಮೇಲೆ ಅವಳು ಮನೆಯ ಮರಮುಟ್ಟಿಗೆಲ್ಲ ಕಿವಿಯಿಟ್ಟು ಕೇಳುವುದನ್ನು ಕಲಿತಳು. ಗೆದ್ದಲು ಮರದೊಳಗೆ ಸದ್ದು ಮಾಡುತ್ತದಂತೆ. ದೂರದಲ್ಲಿ ಯಾರೋ ಒಣ ಎಲೆ ತುಳಿದ ಹಾಗೆ ಅಂತ ಅವಳೇ ಒಮ್ಮೆ ನನಗೆ ಹೇಳಿದ್ದಳು. ಯಾರ ಮನೆಗೆ ಹೋದರೂ ಮಾತಾಡುತ್ತಾ ಆಡುತ್ತಾ ಬಾಗಿಲ ಚೌಕಟ್ಟಿಗೆ ಕಿವಿ ಆನಿಸುತ್ತಿದ್ದಳು. ನಾನು ಅದನ್ನು ನೋಡಿ ಹೆಸರಿಟ್ಟೆ, ಊರು ನಕ್ಕಿತು.

ನಮ್ಮ ಸೀಮೆಯವರಿಗೆ ಗೆದ್ದಲಿನ ಭಯ ಕಡಿಮೆ. ಹೊಗೆಸೊಪ್ಪಿನ ಕಷಾಯ ಹೊಡೆದರೆ ಗಿಡದ ಹುಳ ಸಾಯುತ್ತದೆ, ಅದು ನಿಜ. ಹಾಗಿದ್ದಮೇಲೆ ಅಟ್ಟದ ತುಂಬ ಹೊಗೆಸೊಪ್ಪು ಇರುವ ಮನೆಗೆ ಹುಳ ಬಂದೀತೇ ಅನ್ನುವುದು ನಮ್ಮ ಲೆಕ್ಕಾಚಾರ. ಬೇರೆ ಊರಿನವರು ಮಾಡಲಾರದ ತಪ್ಪು ಇದು, ತಂಬಾಕು ಬೆಳೆಯುವ ನಾವು ಮಾತ್ರ ಮಾಡಬಲ್ಲೆವು. ಸುಗ್ಗಿ ಮುಗಿದ ಮೇಲೆ, ಎಲೆ ಕಟ್ಟುವ ಸಾವಿರಾರು ಕಡ್ಡಿಗಳನ್ನು ಬ್ಯಾರನ್ನಿನ ಮಣ್ಣು ನೆಲದಿಂದ ಎತ್ತಿ ತಂದು, ಮಳೆಗೆ ನೆನೆಯಬಾರದೆಂದು ನಡುಮನೆಯ ಗೋಡೆಗೆ ಒರಗಿಸುತ್ತೇವೆ. ಗೆದ್ದಲನ್ನು ನಾವೇ ಹೊತ್ತು ತಂದು ಒಳಗೆ ಬಿಟ್ಟ ಹಾಗೆ.

ಹೋದ ವರ್ಷ ಶ್ರಾವಣದಲ್ಲಿ ನಟರಾಜುವಿನ ಮನೆಯ ಕಡ್ಡಿಗಳನ್ನು ಹೊರಗೆ ತೆಗೆದಾಗ ಗೋಡೆಯ ಮೇಲೆ ಬೆರಳು ದಪ್ಪದ ಮಣ್ಣಿನ ಗೆರೆಗಳು ಕಂಡವು. ನೆಲದಿಂದ ಹೊರಟು ಅಟ್ಟದ ತೊಲೆಯವರೆಗೂ ಹೋಗಿದ್ದವು. ನಟರಾಜು ಪೊರಕೆಯಲ್ಲಿ ಗುಡಿಸಿ ಸೀಮೆಎಣ್ಣೆ ಸುರಿದ. ಎಂಟು ದಿನಕ್ಕೆ ಗೆರೆ ಮತ್ತೆ ಬಂತು. ಪ್ರಮೀಳಾ ರಾಗಿ ಪೆಟ್ಟಿಗೆ ಹತ್ತಿ ತೊಲೆಗೆ ಕಿವಿಯಿಟ್ಟಳು. ಇಳಿದವಳು ಅತ್ತೆ ಚಿಕ್ಕಬೀರಮ್ಮನ ಮುಂದೆ ನಿಂತು, “ಅತ್ತೆ, ತೊಲೆ ಒಳಗೆಲ್ಲ ಟೊಳ್ಳಾಗೈತೆ. ನೀವು ಇದರ ಕೆಳಗೆ ಮಲಗ್ಬೇಡಿ” ಅಂದಳು.

ಚಿಕ್ಕಬೀರಮ್ಮ ಕೆಟ್ಟ ಹೆಂಗಸಲ್ಲ. ಆದರೆ ಆ ತೊಲೆ ಅವಳ ಗಂಡ ತಾನೇ ನಿಂತು ಕುಯ್ಯಿಸಿದ ಹೊನ್ನೆ ಮರದ್ದು. ಪ್ರತಿ ಗೌರಿ ಹಬ್ಬಕ್ಕೂ ಅದಕ್ಕೆ ಹಸಿರು ಬಣ್ಣ ಬಳಿಸುತ್ತಿದ್ದಳು. “ಒಗೆಸೊಪ್ಪು ಇರೋ ಮನೆಗೆ ಗೆದ್ಲು ಬಂದಾತಾ ಕಣಮ್ಮಿ? ನಿಮ್ ಮಿರ್ಲೆ ಕೆಸರು ಮನೆ ಅಂತ ತಿಳ್ಕಂಡಿದ್ದೀಯಾ ಇದ್ನ?” ಅಂದಳು.

ಪ್ರಮೀಳಾ ಬಿಡಲಿಲ್ಲ. ಹುಣಸೂರು ರಸ್ತೆಯ ಗೋಡೆಯ ಮೇಲೆ ಬರೆದಿದ್ದ ನಂಬರಿಗೆ ಫೋನ್ ಮಾಡಿ ತೇಜಸ್ ಎನ್ನುವವನನ್ನು ಕರೆಸಿದಳು. ಅವನು ಗೆದ್ದಲಿಗೆ ಔಷಧಿ ಹೊಡೆಯುವ ಕಸುಬಿನವನು. ತೊಲೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದ, ಒಂದು ಕಡೆ ಸದ್ದು ಬದಲಾಯಿತು. ಗೋಡೆಯ ಬುಡದುದ್ದಕ್ಕೂ ತೂತು ಕೊರೆದು ಔಷಧಿ ಇಳಿಸಬೇಕು, ತೊಲೆ ಬದಲಾಯಿಸಬೇಕು, ಐದು ವರ್ಷಕ್ಕೆ ಗ್ಯಾರಂಟಿ ಕಾಗದ ಕೊಡುತ್ತೇನೆ ಅಂದ. “ನಮ್ದು ಬಿಸಿಲು ಸೀಮೆ ಕಣ್ರೀ. ಚಳಿಗೆ ಸಾಯ್ತವೆ ಅನ್ನಂಗಿಲ್ಲ, ಹನ್ನೆರಡು ತಿಂಗ್ಳೂ ಕೆಲ್ಸ ಮಾಡ್ತವೆ” ಅಂತಲೂ ಹೇಳಿದ.

ತೊಡಕು ಬಂದದ್ದು ದುಡ್ಡಿನಿಂದಲ್ಲ. ಇನ್ನು ಹದಿನೈದು ದಿನಕ್ಕೆ ಬ್ಯಾರನ್ನಿಗೆ ಬೆಂಕಿ ಹಾಕಬೇಕಿತ್ತು. ಒಣಗಿದ ಸೊಪ್ಪೆಲ್ಲ ಅದೇ ಅಟ್ಟಕ್ಕೆ ಏರಬೇಕು. ಔಷಧಿಯ ವಾಸನೆ ಸೊಪ್ಪಿಗೆ ಹತ್ತಿದರೆ ಹರಾಜಿನಲ್ಲಿ ಯಾರೂ ಮುಟ್ಟುವುದಿಲ್ಲ ಅಂತ ಚಿಕ್ಕಬೀರಮ್ಮ ಹಟ ಹಿಡಿದಳು. ನಟರಾಜುವಿಗೆ ಅಮ್ಮನೂ ಸರಿ, ಹೆಂಡತಿಯೂ ಸರಿ. ಅಂಥವರೆಲ್ಲ ಕೊನೆಗೆ ಬರುವುದು ನನ್ನ ಜಗಲಿಗೆ. ಊರಿಗೆ ಬರುವ ಕಾಗದಪತ್ರ ಓದಿ ಅರ್ಥ ಹೇಳುವ ಯಜಮಾನಿಕೆ ನನ್ನದು. ತೇಜಸ್ ಓದಿ ನೋಡಿ ಅಂತ ಬಿಟ್ಟುಹೋಗಿದ್ದ ಗ್ಯಾರಂಟಿ ಕಾಗದವನ್ನೂ, ಬ್ಯಾಂಕಿನವರು ಮಾಡಿಸಿದ್ದ ಮನೆ ವಿಮೆಯ ಕಾಗದವನ್ನೂ ಹಿಡಿದು ಮೂವರೂ ಬಂದರು.

ನಾನು ಕನ್ನಡಕ ಏರಿಸಿ ಓದಿದೆ. ವಿಮೆಯಲ್ಲಿ ಬೆಂಕಿಗೆ ಉಂಟು, ಸಿಡಿಲಿಗೆ ಉಂಟು, ನೆರೆಗೆ ಉಂಟು, ಹುಳಹುಪ್ಪಟೆಗೆ ಇಲ್ಲ. ತೇಜಸ್‌ನ ಗ್ಯಾರಂಟಿಯಲ್ಲಿ ಗೆದ್ದಲು ಮತ್ತೆ ಬಂದರೆ ಔಷಧಿ ಪುಕ್ಕಟೆ, ಮರ ಹೋದರೆ ಅವನು ಜವಾಬ್ದಾರನಲ್ಲ ಅಂತ ಸಣ್ಣಕ್ಷರದಲ್ಲಿತ್ತು. ಆ ಸಣ್ಣಕ್ಷರ ಹಿಡಿದಾಗ ನನಗಾದ ಸಂತೋಷ ಹೇಳತೀರದು. ನೀರು ಬೆರೆಸಿದ ಹಾಲು ಸಿಕ್ಕಿದಾಗಿನ ಸಂತೋಷವೇ ಅದು.

“ನೋಡಿ, ತೊಲೆ ಬಿದ್ರೆ ಇವ್ನು ಒಂದು ಮೊಳೇನೂ ಕೊಡಲ್ಲ” ಅಂದೆ. “ಇದ್ಯಾವ ಸೀಮೆ ಗ್ಯಾರಂಟಿ? ಸುಮ್ನೆ ಬುಡಿ. ಸೊಪ್ಪು ಮಾರಿ ಆದ್ಮೇಲೆ ನೋಡನ.”

“ಅಂಗನ್ನಪ್ಪ, ನಿನ್ ಬಾಯಿಗೆ ಸಕ್ರೆ ಹಾಕ” ಅಂದಳು ಚಿಕ್ಕಬೀರಮ್ಮ.

ಪ್ರಮೀಳಾ ಮೂಲೆಯಲ್ಲಿ ನಿಂತಿದ್ದಳು. “ಕಾಗದದ ಮಾತು ಅಂಗಿರ್ಲಿ ಸಾರ್. ಔಸ್ದಿ ಹೊಡದ್ರೆ ಗೆದ್ಲು ಸಾಯ್ತವೋ ಇಲ್ವೋ, ಅದು ಯೋಳಿ.”

ಕೇಳಬೇಕಾದ ಪ್ರಶ್ನೆ ಅದೊಂದೇ. ಸಾಯುತ್ತವೆ ಅಂತ ನನಗೂ ಗೊತ್ತಿತ್ತು. ಆದರೆ ನನ್ನ ಸಣ್ಣಕ್ಷರದ ಜಾಣತನವನ್ನು ಅವಳು ಒಂದೇ ಮಾತಿಗೆ ಆಚೆ ತಳ್ಳಿದ್ದು ನನಗೆ ಹಿಡಿಸಲಿಲ್ಲ. “ಗೆದ್ಲಮ್ಮನೇ ಮನೇಲಿರುವಾಗ ಗೆದ್ಲಿನ ಔಸ್ದಿ ಯಾಕಮ್ಮ?” ಅಂದುಬಿಟ್ಟೆ. ನಟರಾಜು ನಕ್ಕ, ಅವನಮ್ಮನೂ ನಕ್ಕಳು. ತೇಜಸ್‌ನ ಕಾಗದ ನನ್ನ ಹತ್ತಿರವೇ ಉಳಿಯಿತು.

ಅಷ್ಟಾದರೂ ಅವಳು ಕೈಕಟ್ಟಿ ಕೂರಲಿಲ್ಲ. ಅತ್ತೆಯ ಚಾಪೆಯನ್ನು ಎಳೆದು ಪಡಸಾಲೆಯಲ್ಲಿ ಹಾಸಿದಳು. ಚಿಕ್ಕಬೀರಮ್ಮ ಗೊಣಗಿಕೊಂಡೇ ರಾತ್ರಿ ಅಲ್ಲಿ ಮಲಗುವುದಕ್ಕೆ ಒಪ್ಪಿದಳು. ಗಂಡನನ್ನು ಕಾಡಿಸಿ ಪೀಡಿಸಿ ತೊಲೆಯ ನಡುವಿಗೆ ಒಂದು ನೀಲಗಿರಿ ಕಂಬ ಊರೆ ಕೊಡಿಸಿದಳು. ಮೂರು ತಿಂಗಳು ಆ ಮನೆ ನಿಂತದ್ದು ಆ ಕಂಬದ ಮೇಲೆ ಅಂತ ನನಗೆ ಈಗ ಅನ್ನಿಸುತ್ತದೆ. ಡಿಸೆಂಬರಿನಲ್ಲಿ, ಸೊಪ್ಪನ್ನು ಒತ್ತಿ ಮೂಟೆ ಕಟ್ಟಿದ ಬೇಲುಗಳನ್ನು ಅಟ್ಟಕ್ಕೆ ಏರಿಸುವಾಗ ಕಂಬ ಅಡ್ಡ ಬಂತು, ನಟರಾಜು ಕಿತ್ತು ಹಿತ್ತಿಲಿಗೆ ಹಾಕಿದ. “ಎರಡು ದಿನ ಕಣಮ್ಮಿ, ಏರಿಸಿ ಆದ್ಮೇಲೆ ಮತ್ತೆ ನಿಲ್ಲಿಸ್ತೀನಿ” ಅಂದಿದ್ದನಂತೆ. ಅಟ್ಟದ ಮೇಲೆ ಹದಿನಾಲ್ಕು ಬೇಲು ಕೂತವು. ಕಂಬ ಹಿತ್ತಿಲಲ್ಲೇ ಉಳಿಯಿತು.

ನಾಲ್ಕನೆಯ ದಿನ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಪ್ರಮೀಳಾ ಬ್ಯಾರನ್ ಹತ್ತಿರ ಇದ್ದಳು. ಚಿಕ್ಕಬೀರಮ್ಮ ನಡುಮನೆಯಲ್ಲಿ, ನಲವತ್ತು ವರ್ಷ ಕೂತ ಜಾಗದಲ್ಲೇ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ರಾತ್ರಿಯಾದರೆ ಪಡಸಾಲೆಗೆ ಕಳಿಸಬಹುದು, ಹಗಲು ಹೊತ್ತು ತನ್ನ ಮನೆಯಲ್ಲಿ ಕೂರಬೇಡ ಅಂದರೆ ಯಾವ ಅತ್ತೆ ಕೇಳುತ್ತಾಳೆ?

ಸದ್ದು ನನ್ನ ಜಗಲಿಗೂ ಕೇಳಿಸಿತು. ನಾನು ಹೋಗುವ ಹೊತ್ತಿಗೆ ಮನೆಯ ತುಂಬ ದೂಳು, ಸೊಪ್ಪಿನ ಘಾಟು. ನಾಲ್ಕು ಜನ ಬೇಲುಗಳನ್ನು ಎತ್ತಿ ಎತ್ತಿ ಹಾಕುತ್ತಿದ್ದರು. ಪ್ರಮೀಳಾ ಮೊಣಕಾಲೂರಿ ಬರಿಗೈಯಲ್ಲಿ ಹಲಗೆ ಕೀಳುತ್ತಿದ್ದಳು, ಉಗುರಿನಿಂದ ರಕ್ತ ಬರುತ್ತಿತ್ತು. ಚಿಕ್ಕಬೀರಮ್ಮನಿಗೆ ಪ್ರಜ್ಞೆಯಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವೇ ಉಳಿದಿರಲಿಲ್ಲ. ನಟರಾಜು ಮುರಿದ ತೊಲೆಯ ತುಂಡೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಹೊರಗೆ ಹಸಿರು ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಅವನು ಹಿಸುಕಿದ, ಹಪ್ಪಳದ ಹಾಗೆ ಪುಡಿಯಾಗಿ ಒಳಗಿನಿಂದ ಮಣ್ಣು ಸುರಿಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ತೀರಿಕೊಂಡಳು ಚಿಕ್ಕಬೀರಮ್ಮ. ಎಂಟನೆಯ ದಿನ ನಾನು ನೋಡಲು ಹೋಗಿದ್ದೆ. ಸೊಸೆ ಕಾಫಿ ತರಲು ಕೆಳಗೆ ಇಳಿದಿದ್ದಳು. ಮುದುಕಿ ನನ್ನ ಕೈ ಹಿಡಿದುಕೊಂಡಳು.

“ಸ್ವಾಮಣ್ಣ, ನನ್ ಸೊಸೆ ಬಡ್ಕಂಡ್ಲು ಕಣಪ್ಪ. ನಾನು ಕೇಳ್ನಿಲ್ಲ. ನನ್ ಮಕ್ಳು ಮರಿ, ನೆಂಟ್ರು ಇಷ್ಟ್ರು, ನಾಳೆ ಎಲ್ಲ ಅವಳ ಮೇಲೇ ಹಾಕ್ತಾರೆ. ನೀನು ಯೋಳ್ಬುಡು. ನಾಕ್ ಜನದ ಮುಂದೆ ಯೋಳ್ಬುಡು.”

“ಹೇಳ್ತೀನಿ ಕಣಮ್ಮ, ನೀನು ಸುಮ್ನೆ ಮಲಕ್ಕೊ” ಅಂದೆ. ಅಂದದ್ದು ನಾನೇ.

ಮುದುಕಿ ಊಹಿಸಿದ ಹಾಗೇ ಆಯಿತು. ಹನ್ನೊಂದನೆಯ ದಿನದ ತಿಥಿಗೆ ಪಿರಿಯಾಪಟ್ಟಣ, ಹುಣಸೂರು, ಮಿರ್ಲೆ ಕಡೆಯಿಂದೆಲ್ಲ ನೆಂಟರು ಬಂದಿದ್ದರು. ಚಪ್ಪರದ ಕೆಳಗೆ ಊಟಕ್ಕೆ ಕೂತಾಗ ನಟರಾಜುವಿನ ಅಕ್ಕ ಎಲ್ಲರಿಗೂ ಕೇಳುವಂತೆಯೇ ಹೇಳಿದಳು. “ಕರಿನಾಲ್ಗೆ ಕಣ್ರವ್ವ ಅವಳ್ದು. ಬೀಳ್ತದೆ ಬೀಳ್ತದೆ ಅಂತ ಮೂರು ತಿಂಗ್ಳು ಬಡ್ಕಂಡ್ಲು, ಬಿತ್ತು. ಮನೆ ಹೆಂಗ್ಸು ಅಂಗೆ ಬಾಯಿ ಬಿಟ್ಟು ಅಂದಾದ್ಮೇಲೆ ತೊಲೆ ನಿಂತಾದಾ?” ಪಕ್ಕದ ಎಲೆಯವರು ಹೌದು ಹೌದು ಅಂದರು. ‘ಗೆದ್ಲಮ್ಮ’ ಅನ್ನುವ ಮಾತೂ ಕಿವಿಗೆ ಬಿತ್ತು. ನಟರಾಜು ತಲೆ ತಗ್ಗಿಸಿ ಬಡಿಸುತ್ತಿದ್ದ. ಅವನೂ ಆಸ್ಪತ್ರೆಯಲ್ಲಿ ಹೆಂಡತಿಗೆ “ನೀನು ಅಂದಿದ್ಕೇ ಆಗಿದ್ದು” ಅಂದಿದ್ದನಂತೆ.

ನಾನು ಏಳಬೇಕಿತ್ತು. ಆ ಮುದುಕಿಗೆ ಮಾತು ಕೊಟ್ಟಿದ್ದೆ. ಆದರೆ ಸೊಸೆ ಔಷಧಿ ಹೊಡೆಸಿ ಅಂದಳು ಅಂತ ಎದ್ದು ಹೇಳಿದರೆ, ಹೊಡೆಸದ ಹಾಗೆ ತಡೆದವರು ಯಾರು ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕಾಗದ ಓದಿದವನು ಯಾರು? ಸಣ್ಣಕ್ಷರ ಹಿಡಿದು ಬೀಗಿದವನು ಯಾರು? ಎಲೆಯ ಮೇಲಿನ ಪಾಯಸವನ್ನು ಕಲಸುತ್ತಾ ಕೂತೆ. ಅದೇ ಹೊತ್ತಿಗೆ ಪ್ರಮೀಳಾ ಅನ್ನದ ಬುಟ್ಟಿ ಹಿಡಿದು ನನ್ನ ಎಲೆಯ ಮುಂದೆ ನಿಂತಳು. ಬೆರಳುಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಒಂದು ಗಳಿಗೆ ನನ್ನ ಮುಖ ನೋಡಿದಳು, ಬಡಿಸಿ ಮುಂದಕ್ಕೆ ಹೋದಳು. ನಾನು ಉಂಡೆ. ಹೇಡಿ ಅನ್ನುವ ಮಾತಿಗೆ ಅರ್ಥ ಬೇಕಾದವರು ನನ್ನನ್ನು ನೋಡಬಹುದು.

ಅದಾಗಿ ನಾಲ್ಕು ದಿನಕ್ಕೆ ಅವಳು ನಮ್ಮ ಮನೆಗೆ ಬಂದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಹಾಗೆ, ಮನೆಯಲ್ಲಿ ಬೀಳದೆ ಉಳಿದ ಭಾಗಕ್ಕೆ ಔಷಧಿ ಹೊಡೆಸಲು ನಟರಾಜು ಒಪ್ಪಿದ್ದ.

“ಆ ತೇಜಸ್ ಕೊಟ್ಟಿದ್ದ ಕಾಗದ ನಿಮ್ಮತ್ರಾನೇ ಐತಲ್ಲ ಸಾರ್, ಕೊಡಿ” ಅಂದಳು.

ಹುಡುಕಿ ತಂದೆ. ಅವಳು ಹೊಸ್ತಿಲಾಚೆ ನಿಂತಿದ್ದಳು, ಒಂದು ಕೈ ನಮ್ಮ ಬಾಗಿಲ ಚೌಕಟ್ಟಿನ ಮೇಲಿತ್ತು. ಹಳೆಯ ಅಭ್ಯಾಸ, ತಲೆ ತಾನಾಗಿ ವಾಲಿ ಕಿವಿ ಮರಕ್ಕೆ ತಾಗಿತು. ಹಾಗೇ ಸ್ವಲ್ಪ ಹೊತ್ತು ಅಲುಗಾಡದೆ ನಿಂತಳು. ಕೈ ಚೌಕಟ್ಟಿನಗುಂಟ ಮೇಲಕ್ಕೆ ಹೋಯಿತು, ಒಂದು ಕಡೆ ನಿಂತಿತು. ಆಮೇಲೆ ಬೆಂಕಿ ಮುಟ್ಟಿದವಳಂತೆ ಕೈ ತೆಗೆದು ಸೆರಗು ಎಳೆದುಕೊಂಡಳು.

“ಏನಮ್ಮ? ಏನಾದ್ರೂ ಕೇಳಿಸ್ತಾ?” ಅಂದೆ.

“ಏನೂ ಇಲ್ಲ ಬುಡಿ ಸಾರ್.”

“ನಿಜ ಹೇಳು ತಾಯಿ. ಒಳಗೆ ನಮ್ಮ ಮನೆಯವಳು ಮಲಗ್ತಾಳೆ.”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ನಾನು ಇನ್ನು ಯಾರಿಗೂ ಯೋಳಲ್ಲ ಸಾರ್. ನಾಳೆ ಏನಾರಾ ಆದ್ರೆ ನಾನು ಅಂದಿದ್ಕೇ ಆಯ್ತು ಅಂತಾರೆ. ಆವತ್ತು ನೀವೂ ಉಣ್ತಾ ಕೂತಿರ್ತೀರಿ.”

ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ನಾನು ಚೌಕಟ್ಟಿಗೆ ಕಿವಿಯಿಟ್ಟೆ. ಎಪ್ಪತ್ತು ದಾಟಿದ ಕಿವಿ, ನನ್ನ ಉಸಿರಿನ ಸದ್ದು ಬಿಟ್ಟು ಇನ್ನೇನೂ ಕೇಳಿಸಲಿಲ್ಲ. ಅವಳ ಕೈ ನಿಂತಿದ್ದ ಜಾಗ ಯಾವುದು ಅಂತ ಹುಡುಕುತ್ತಾ ಮೇಲಿನಿಂದ ಕೆಳಗಿನವರೆಗೂ ತಡವಿದೆ. ಒಳಗಿನಿಂದ ಹೆಂಡತಿ, ಬಾಗಿಲಲ್ಲಿ ಏನು ಮಾಡುತ್ತಿದ್ದೀರಿ ಅಂತ ಎರಡು ಸಲ ಕೂಗಿ ಕೇಳಿದಳು.