ಕಪ್ಪೆಗೂ ಚಿಪ್ಪಿಗೂ ಏನು ನಂಟು

ಕಪ್ಪೆಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಚೂರಿಯಕ್ಕ ಎಂದೇ ಕರೆಯುತ್ತಿದ್ದರು. ಪಕ್ಕದವಳು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಇವಳದು ಮಾಂಸ ಬೋಗುಣಿಗೆ, ಚಿಪ್ಪು ಬುಟ್ಟಿಗೆ. ಬಾಯಿಯೂ ಅಷ್ಟೇ ಹರಿತ. ಗಂಡ ಹೋದಮೇಲೆ ಮಾತ್ರ ಆ ಬಾಯಿಗೆ ಬೀಗ ಬಿದ್ದಿತ್ತು.

ಗಂಡ ನೀರಿಗೆ ಮುಳುಗಿ ಚಿಪ್ಪು ತೆಗೆಯುವವನು. ಸೊಂಟಕ್ಕೆ ಬಲೆಚೀಲ ಕಟ್ಟಿಕೊಂಡು ಇಳಿದು, ಕೆಸರು ತಡಕಿ ತುಂಬಿಕೊಳ್ಳಬೇಕು. ಚೀಲಕ್ಕೆ ಹಾಕುವುದು ಜಾರುಗಂಟು. ಉಸಿರು ಕಟ್ಟಿದರೆ ತುದಿ ಎಳೆದು, ಚೀಲ ಬಿಟ್ಟು ಮೇಲೆ ಬರಲಿ ಎಂದು. ಒಂದು ದಿನ ಗಂಟು ತಾನಾಗಿಯೇ ಜಾರಿ, ತುಂಬಿದ ಚೀಲ ನೀರುಪಾಲಾಯಿತು. "ದುಡಿದಿದ್ದನ್ನೆಲ್ಲ ಮೀನಿಗೆ ದಾನ ಮಾಡಿ ಬಂದ್ಯಾ?" ಎಂದು ರೇಗಿದವಳು ಮಾರನೆಯ ಬೆಳಿಗ್ಗೆ ಬೆನ್ನ ಹಿಂದೆ ನಿಂತು ತಾನೇ ಕಟ್ಟಿದಳು. ಅವಳ ಕೈಗೆ ರೂಢಿಯಿದ್ದದ್ದು ಶೆಡ್ಡಿನ ಮೂಟೆಗಳಿಗೆ ಹಾಕುವ, ಎಳೆದಷ್ಟೂ ಬಿಗಿಯುವ ಗಂಟು. ಸಂಜೆ ಅವನನ್ನು ಮೇಲಕ್ಕೆ ತಂದವರು ಹಗ್ಗ ಕೊಯ್ಯಬೇಕಾಯಿತು.

"ಆಯಸ್ಸು ಮುಗಿದಿತ್ತು, ನೀನೇನು ಮಾಡ್ತೀಯ" ಎಂದರು ಅತ್ತೆ. ಹೆತ್ತ ಕರುಳು ಒಂದು ಬಿರುಸು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇನ್ನು ಅವಳಿಗೆ ಬೇಕಿದ್ದದ್ದು ಒಂದೇ: ಮಗಳಿಗೆ ಆ ಗಂಟಿನ ವಿಷಯ ತಿಳಿಯಬಾರದು.

ಒಂದು ಮಧ್ಯಾಹ್ನ ಮಗಳು ಶಾಲೆಯಿಂದ ನೇರ ಶೆಡ್ಡಿಗೆ ಬಂದಳು. ಮನೆಯಲ್ಲಿ ಬಳಸುವ ಒಂದು ಪದ ಹೇಗೆ ಬಂತು ಅಂತ ಕೇಳಿಕೊಂಡು ಬನ್ನಿ ಎಂದಿದ್ದರಂತೆ ಟೀಚರು. "ಇದಕ್ಕೆ ಕಪ್ಪೆಚಿಪ್ಪು ಅಂತ ಯಾಕಂತಾರೆ?"

ಕೇಳಿದ್ದೇ ತಡ, ಶೆಡ್ಡಿನವರೆಲ್ಲ ಪಂಡಿತರಾದರು. ಕಪ್ಪಗಿರೋದಕ್ಕೆ ಎಂದಳೊಬ್ಬಳು. ಒಲೆ ನೋಡಿಕೊಳ್ಳುವವನು, "ಬೆಂದಾಗ ಬಾಯಿ ಬಿಡುತ್ತಲ್ಲ, ಥೇಟು ಕಪ್ಪೆ. ನಮ್ಮ ಮೇಸ್ತ್ರಿ ಆಕಳಿಸೋದು ನೋಡಿಲ್ವಾ?" ಎಂದ. ನಗು ಶೆಡ್ಡಿನ ತಗಡು ಹಾರಿಸಿತು. ನಿಜ ಯಾವುದೋ ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದಮೇಲೆ ಮಗಳು, "ಅಪ್ಪ ಒಂದು ಕಥೆ ಹೇಳ್ತಿದ್ದ. ಅದನ್ನ ನೀನು ಹೇಳು" ಎಂದಳು.

ಆ ಕಥೆಯ ಕೊನೆ ಅವಳಿಗೆ ಗೊತ್ತಿತ್ತು. ಆದರೂ ಶುರುಮಾಡಿದಳು. ಹಿಂದೆ ಕಪ್ಪೆ ನೀರಿನ ತಳದಲ್ಲೇ ಇತ್ತಂತೆ, ಈ ಚಿಪ್ಪೇ ಅದರ ಮನೆಯಂತೆ. ಒಂದು ದಿನ ಬೆಳಕು ನೋಡುವ ಆಸೆಯಾಯಿತಂತೆ. "ಆಮೇಲೆ ಚಿಪ್ಪು ಹೊತ್ಕೊಂಡೇ ಮೇಲೆ ಬಂತು" ಎಂದು ಬೇಗಬೇಗ ಮುಗಿಸಿದಳು.

"ಸುಳ್ಳು! ಭಾರ ಆಯ್ತು ಅಂತ ಚಿಪ್ಪು ಅಲ್ಲೇ ಬಿಟ್ಟು ಬಂತು. ಚಿಪ್ಪು ಕೆಳಗುಳೀತು, ಹೆಸರು ಮಾತ್ರ ಕಪ್ಪೇದು. ಅಪ್ಪ ಹೇಳಿದ್ದು ಹಂಗೆ." ಮಗಳು ಅಮ್ಮನತ್ತ ತಿರುಗಿದಳು. "ಅಪ್ಪನಿಗೆ ಇದೆಲ್ಲ ಗೊತ್ತಿತ್ತಲ್ಲ. ಮತ್ಯಾಕೆ ಚೀಲ ಬಿಟ್ಟು ಬರ್ಲಿಲ್ಲ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅವನದೇ ಕಣ್ಣು ಹೊತ್ತ ಮುಖದೆದುರು ಅದು ಹೊರಡಲಿಲ್ಲ.

"ನಾನು ಗಟ್ಟಿಯಾಗಿ ಕಟ್ಬಿಟ್ಟಿದ್ದೆ ಕಂದ. ಅದು ಬಿಚ್ಚೋ ಗಂಟಲ್ಲ."

"ಅಯ್ಯೋ, ಮಗು ಹತ್ರ ಯಾಕೆ ಅಂದೆ" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಮಗಳು ಅಳಲಿಲ್ಲ. ಊಟಕ್ಕೂ ಏಳಲಿಲ್ಲ.

ಬೆಳಿಗ್ಗೆ ಅವಳು ಎಂದಿನಂತೆ ಮಗಳಿಗೆ ಜಡೆ ಹಾಕಲು ಬಾಚಣಿಗೆ ಹಿಡಿದು ಕರೆದಳು. ಮಗಳು ರಿಬ್ಬನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಮುಂದೆ ಕೂತಳು. ಅಜ್ಜಿಗೋ ಕೈನಡುಕ.

"ನಂಗೆ ಸರಿಯಾಗಿ ಬರಲ್ಲ ಕಣೆ. ಅಮ್ಮನ ಹತ್ರ ಹೋಗು."

"ಬಿಚ್ಚಿಹೋದ್ರೂ ಪರವಾಗಿಲ್ಲ ಅಜ್ಜಿ" ಎಂದಳು ಮಗಳು, ತಿರುಗಿ ನೋಡದೆ. "ನೀನೇ ಕಟ್ಟು."